28 ಮನೆಗಳ ಚಕ್ರ ಕೊನೆಗೆ ಕೂಡುತ್ತಲೇ ಇಲ್ಲ: ಅರಬ್ಬಿ ಹಸ್ತಪ್ರತಿಗಳ ವಿಶ್ವಚಿತ್ರಗಳ ಬಗ್ಗೆ ಬಲ್ಲವರು ಹೇಳಿ

ನಕ್ಷೆಗಾರ_ನಿವೃತ್ತ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಕಚೇರಿಯೊಂದರಲ್ಲಿ 31 ವರ್ಷ ಸೇತುವೆ, ಕಾಲುವೆಗಳ ನಕ್ಷೆ ಎಳೆದು ನಿವೃತ್ತನಾದವನು ನಾನು. ಕೆಲಸ ಬಿಟ್ಟರೂ ಕೈ ಬಿಡುವುದಿಲ್ಲ. ಕೈವಾರ, ಸ್ಕೇಲು, ಟ್ರೇಸಿಂಗ್ ಕಾಗದ ಇನ್ನೂ ಮೇಜಿನ ಮೇಲೆಯೇ ಇವೆ. ಮೊದಲು ಶ್ರೀಚಕ್ರ ಬರೆದೆ, ಆಮೇಲೆ ಜೈನರ ಜಂಬೂದ್ವೀಪದ ಪಟ. ಕಳೆದ ತಿಂಗಳು ಮಗಳು ಮೊಬೈಲಿನಲ್ಲಿ ಅರಬ್ಬಿ ಹಸ್ತಪ್ರತಿಗಳ ಕೆಲವು ಪುಟಗಳನ್ನು ತೋರಿಸಿದಳು. ಈರುಳ್ಳಿಯ ಸಿಪ್ಪೆಯ ಹಾಗೆ ಒಂದರೊಳಗೊಂದು ವೃತ್ತ, ಪ್ರತಿ ಸುತ್ತಿಗೂ ಒಂದು ಹೆಸರು. ಅವುಗಳಲ್ಲಿ ಒಂದು ಚಂದ್ರನ 28 ಮನೆಗಳ ಚಕ್ರ. ಇದು ಒಂದು ಸಂಜೆಯ ಕೆಲಸ ಎಂದು ಕುಳಿತೆ.

ನಾಲ್ಕು ಸಂಜೆ ಹೋದವು. 360ನ್ನು 28ರಿಂದ ಭಾಗಿಸಿದರೆ 12.857 ಹೀಗೆ ಮುಗಿಯದ ಲೆಕ್ಕ. ಕೋನಮಾಪಕದಿಂದ ಒಂದೊಂದೇ ಗುರುತು ಹಾಕುತ್ತಾ ಹೋದರೆ ಕೊನೆಯ ಮನೆ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಆಮೇಲೆ ಮೂಲ ಚಿತ್ರವನ್ನೇ ದೊಡ್ಡದು ಮಾಡಿ ನೋಡಿದೆ. ಅಲ್ಲಿಯೂ ಒಂದು ಮನೆ ಕೂದಲೆಳೆಯಷ್ಟು ಅಗಲ ಇದ್ದಂತಿದೆ! ಹಾಗಾದರೆ ಅವರು ಹೇಗೆ ಎಳೆಯುತ್ತಿದ್ದರು? ಇನ್ನೂ ಒಂದು ಮಾತು ಕೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ನಾನು ಎಳೆದ ನಕ್ಷೆ ಹಿಡಿದು ಮೇಸ್ತ್ರಿ ಸೇತುವೆ ಕಟ್ಟುತ್ತಿದ್ದ. ಈ ನಕ್ಷೆಗಳನ್ನು ಹಿಡಿದು ಯಾರು ಏನು ಮಾಡುತ್ತಿದ್ದರು?

ಹಳೆಪಂಚಾಂಗ

ಸರ್, ಎರಡನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಆ 28 ಮನೆಗಳ ಹೆಸರನ್ನು ಯಾರಿಂದಲಾದರೂ ಓದಿಸಿದಿರಾ? ಓದಿಸಿದರೆ ನಿಮಗೆ ಮನೆಗೆ ಬಂದ ಹಾಗಾಗುತ್ತದೆ. ಅವು ನಮ್ಮ ನಕ್ಷತ್ರಗಳ ದಾಯಾದಿಗಳು. ಮೊದಲನೆಯದು ಶರತಾನ್, ಮೇಷದ ಎರಡು ತಾರೆಗಳು, ಅಂದರೆ ನಮ್ಮ ಅಶ್ವಿನಿ. ಮೂರನೆಯದು ಸುರಯ್ಯಾ, ಕೃತ್ತಿಕೆ. ನಾಲ್ಕನೆಯದು ದಬರಾನ್. ಆ ಪದಕ್ಕೆ ಹಿಂಬಾಲಿಸುವವನು ಎಂದರ್ಥ, ಕೃತ್ತಿಕೆಯ ಬೆನ್ನಿಗೇ ಬರುವ ರೋಹಿಣಿ. ಹದಿನಾಲ್ಕನೆಯದು ಸಿಮಾಕ್, ನಮ್ಮ ಚಿತ್ತಾ. ಅದೂ ಹದಿನಾಲ್ಕನೆಯದೇ. ಹದಿನೆಂಟನೆಯದು ಕಲ್ಬ್, ವೃಶ್ಚಿಕದ ಹೃದಯ, ನಮ್ಮ ಜ್ಯೇಷ್ಠಾ. ನಮ್ಮಲ್ಲಿ ಈಗ 27 ಎಣಿಸುತ್ತೇವೆ, ಅಭಿಜಿತ್ ಸೇರಿಸಿದರೆ 28.

ಸಂದೇಹಿ

ಎಲ್ಲವೂ ಇಲ್ಲಿಂದಲೇ ಹೋಯಿತು ಎಂಬ ಭಜನೆ ಶುರುವಾಗಲು ಇನ್ನೆಷ್ಟು ಪ್ರತಿಕ್ರಿಯೆ ಬೇಕು? ನಾನು ಗಡಿಯಾರ ಹಿಡಿದು ಕೂತಿದ್ದೇನೆ.

ಹಳೆಪಂಚಾಂಗ

ದಾಯಾದಿಗಳು ಎಂದೆ, ಮಕ್ಕಳು ಎನ್ನಲಿಲ್ಲ. ಚೀನಿಯರಲ್ಲೂ 28 ಇವೆ. ಚಂದ್ರ ತಾರೆಗಳ ನಡುವೆ ಒಂದು ಸುತ್ತು ಹಾಕಲು ಇಪ್ಪತ್ತೇಳು ದಿನಕ್ಕಿಂತ ಸ್ವಲ್ಪ ಹೆಚ್ಚು ತೆಗೆದುಕೊಳ್ಳುತ್ತಾನೆ. ಒಬ್ಬರು 27 ಹಿಡಿದರು, ಇನ್ನೊಬ್ಬರು 28 ಹಿಡಿದರು. ಗಡಿಯಾರ ಒಳಗಿಡಿ.

ಗೆರೆಬಳಪ

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತೇನೆ. ನಕ್ಷೆಗಾರರೇ, ತಪ್ಪು ನಿಮ್ಮ ಕೈಯದಲ್ಲ. 28ನ್ನು ಎರಡು ಸಲ ಅರ್ಧ ಮಾಡಿದರೆ 7 ಉಳಿಯುತ್ತದೆ. ವೃತ್ತವನ್ನು ಏಳು ಸಮಭಾಗ ಮಾಡುವುದು ಬರೀ ಕೈವಾರ ಮತ್ತು ಅಳತೆಯಿಲ್ಲದ ಪಟ್ಟಿಯಿಂದ ಸಾಧ್ಯವೇ ಇಲ್ಲ. ಇದನ್ನು 1837ರಲ್ಲಿ ವಾಂಟ್ಸೆಲ್ ಎಂಬ ಫ್ರೆಂಚ್ ಗಣಿತಜ್ಞ ಸಾಧಿಸಿ ತೋರಿಸಿದ. ಅರಬ್ಬಿ ಗಣಿತಜ್ಞರಿಗೂ ಈ ಏಳರ ಕಾಟ ಚೆನ್ನಾಗಿ ಗೊತ್ತಿತ್ತು. ಹತ್ತನೆಯ ಶತಮಾನದ ಅಲ್-ಕೂಹೀ ಶಂಕುಜಗಳನ್ನು, ಅಂದರೆ ಶಂಕುವನ್ನು ಕತ್ತರಿಸಿದಾಗ ಸಿಗುವ ಬಾಗುಗೆರೆಗಳನ್ನು, ಬಳಸಿ ನಿಖರವಾಗಿ ಬಿಡಿಸಿದ.

ಆದರೆ ಲಿಪಿಕಾರ ಶಂಕುಜ ಎಳೆಯುತ್ತಾ ಕೂರುತ್ತಾನೆಯೇ? ಅದೇ ಕಾಲದಲ್ಲಿ ಬಾಗ್ದಾದಿನ ಅಬುಲ್-ವಫಾ ಅಲ್-ಬೂಜ್‌ಜಾನೀ (940–998) ಕುಶಲಕರ್ಮಿಗಳಿಗಾಗಿಯೇ ಒಂದು ರೇಖಾಗಣಿತದ ಪುಸ್ತಕ ಬರೆದ. ಅದರಲ್ಲಿ ಏಳು ಭಾಗಕ್ಕೆ ಒಂದು ಜಾಣ ಉಪಾಯವಿದೆ: ವೃತ್ತದೊಳಗೆ ಸಮಬಾಹು ತ್ರಿಭುಜ ಎಳೆಯಿರಿ, ಅದರ ಒಂದು ಬಾಹುವಿನ ಅರ್ಧವನ್ನು ಕೈವಾರದಲ್ಲಿ ಹಿಡಿದು ವೃತ್ತದ ಮೇಲೆ ಏಳು ಹೆಜ್ಜೆ ಹಾಕಿ. ಬಹುತೇಕ ಕೂಡುತ್ತದೆ. ನಾನು ಲೆಕ್ಕ ಹಾಕಿದೆ. ತ್ರಿಜ್ಯ 10 ಸೆಂ.ಮೀ. ಇದ್ದರೆ ಏಳು ಹೆಜ್ಜೆ ಮುಗಿದಾಗ ಉಳಿಯುವ ಸಂದು 1.35 ಮಿ.ಮೀ. ಅಷ್ಟೇ. ನೀವು ಮೂಲದಲ್ಲಿ ಕಂಡ ಅಗಲದ ಮನೆಗೆ ಕಾರಣ ಈ ಬಗೆಯ ಸಂದೇ ಇರಬಹುದು.

ನಕ್ಷೆಗಾರ_ನಿವೃತ್ತ

ಆಹಾ! ಮೇಷ್ಟ್ರೇ, ಇದನ್ನು ನಮ್ಮ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಇಂದು ರಾತ್ರಿಯೇ ಎಳೆದು ನೋಡುತ್ತೇನೆ.

ಹಸ್ತಪ್ರತಿಪ್ರಿಯೆ

ಹಳೆಯ ಹಸ್ತಪ್ರತಿಗಳ ದುರಸ್ತಿಯೇ ನನ್ನ ಹೊಟ್ಟೆಪಾಡು. ಪಾರಸಿ, ಅರಬ್ಬಿ ಪ್ರತಿಗಳೂ ಕೈಗೆ ಬರುತ್ತವೆ. ವೃತ್ತ ಇರುವ ಹಾಳೆ ಬಂದರೆ ನಾನು ಮೊದಲು ಅದನ್ನು ತಿರುಗಿಸಿ ಹಿಂಬದಿಯಲ್ಲಿ ಬೆರಳಾಡಿಸುತ್ತೇನೆ. ನಟ್ಟ ನಡುವೆ ಕೈವಾರದ ಮುಳ್ಳು ಚುಚ್ಚಿದ ಚಿಕ್ಕ ತೂತು ಸಿಗುತ್ತದೆ. ಕೆಲವೊಮ್ಮೆ ಎರಡು ಮೂರು ತೂತು, ಅಂದರೆ ಮುಳ್ಳು ಜಾರಿದೆ, ಆತ ಮತ್ತೆ ಊರಿದ್ದಾನೆ. ಎದುರು ಬದಿಯಲ್ಲಿ ಆ ತೂತಿನ ಮೇಲೆಯೇ ಅತ್ಯಂತ ಪವಿತ್ರವಾದ ಹೆಸರನ್ನು ಬರೆದು ಮುಚ್ಚಿರುವುದೂ ಉಂಟು.

ಸಾಲುಗಳಿಗೆ ಅವರು ಸ್ಕೇಲು ಹಿಡಿಯುತ್ತಿರಲಿಲ್ಲ. ಮಿಸ್ತರಾ ಎಂಬ ಸಾಧನವಿತ್ತು: ದಪ್ಪ ರಟ್ಟಿನ ಮೇಲೆ ಸಾಲಿಗೊಂದರಂತೆ ದಾರ ಹೊಲಿದಿರುತ್ತಾರೆ. ಅದರ ಮೇಲೆ ಹಾಳೆ ಇಟ್ಟು ಬೆರಳಿನಿಂದ ಉಜ್ಜಿದರೆ ಶಾಯಿಯಿಲ್ಲದೆ ಸಾಲು ಮೂಡುತ್ತದೆ. ಇಡೀ ಪುಸ್ತಕಕ್ಕೆ ಒಂದೇ ರಟ್ಟು.

ಚಿತ್ರಗಳನ್ನು ಪಠ್ಯವಾದ ಮೇಲೆ ಹಾಕುವುದು ವಾಡಿಕೆ. ಹಾಗಾಗಿ ಎಷ್ಟೋ ಪ್ರತಿಗಳಲ್ಲಿ ‘ಇದರ ರೂಪ ಹೀಗಿದೆ’ ಎಂದು ಬರೆದು ಕೆಳಗೆ ಬರೀ ಖಾಲಿ ಜಾಗ. ಕೈವಾರ ಹಿಡಿಯುವವನು ಬರಲೇ ಇಲ್ಲ!

ಶೂನ್ಯಪೀಠ

‘ಇದರ ರೂಪ ಹೀಗಿದೆ’, ಕೆಳಗೆ ಖಾಲಿ. ಅಲ್ಲಮಪ್ರಭು ಇದ್ದಿದ್ದರೆ ಅದೇ ಸರಿಯಾದ ಚಿತ್ರ ಎನ್ನುತ್ತಿದ್ದ.

ಗಾಳಿಮಾತು

ಈ ಚಕ್ರಗಳೆಲ್ಲ ನಮ್ಮ ಶ್ರೀಚಕ್ರದ ನಕಲು. 786 ಕೂಡ ಹಾಗೆಯೇ. ಆ ಅಂಕಿಗಳನ್ನು ದೇವನಾಗರಿಯಲ್ಲಿ ಬರೆದು ಕನ್ನಡಿಯಲ್ಲಿ ನೋಡಿದರೆ ಓಂಕಾರ ಕಾಣುತ್ತದೆ. ಬೇಕಾದರೆ ಪರೀಕ್ಷಿಸಿ.

ಸಂದೇಹಿ

ಆರು ಪ್ರತಿಕ್ರಿಯೆ. ಗಡಿಯಾರ ಒಳಗಿಡಬಾರದಿತ್ತು.

ಮಲ್ಲಿಗೆಬಳ್ಳಿ

ಗಾಳಿಮಾತು ಅವರೇ, ಕನ್ನಡಿ ಬೇಡ, ಪೆನ್ಸಿಲು ಸಾಕು. ಅರಬ್ಬಿಯ 28 ಅಕ್ಷರಗಳಿಗೂ ಬೆಲೆಯಿದೆ, ಒಂದರಿಂದ ಸಾವಿರದವರೆಗೆ. ಅಬ್ಜದ್ ಎನ್ನುತ್ತಾರೆ. ‘ಬಿಸ್ಮಿ’ಯಲ್ಲಿ ಬೇ 2, ಸೀನ್ 60, ಮೀಮ್ 40, ಒಟ್ಟು 102. ‘ಅಲ್ಲಾಹ್’ 66. ‘ಅರ್‌ರಹ್ಮಾನ್’ 329. ‘ಅರ್‌ರಹೀಮ್’ 289. ಕೂಡಿಸಿ ನೋಡಿ, 786. ಇದು ಬಿಸ್ಮಿಲ್ಲಾದ ಅಕ್ಷರಗಳ ಮೊತ್ತ, ಓಂಕಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಗದದ ಮೇಲೆ ಬರೆದ ದೇವರ ಹೆಸರು ಕಾಲಡಿ ಬಿದ್ದೀತು ಎಂಬ ಭಯಕ್ಕೆ ನಮ್ಮ ಹಿರಿಯರು ಪತ್ರದ ತಲೆಯಲ್ಲಿ ಹೆಸರಿನ ಬದಲು ಈ ಅಂಕಿ ಬರೆಯುತ್ತಿದ್ದರು. ಅಂಕಿ ಬೇಡ, ಪೂರ್ತಿ ಹೆಸರನ್ನೇ ಬರೆಯಬೇಕು ಎನ್ನುವವರೂ ನಮ್ಮಲ್ಲಿ ಇದ್ದಾರೆ. ನಮ್ಮ ಮನೆಯಲ್ಲೇ ಇಬ್ಬರು ಇದ್ದಾರೆ, ಮದುವೆಯ ಕರೆಯೋಲೆ ಅಚ್ಚಾಗುವಾಗೆಲ್ಲ ಜಗಳ.

ಹಳೆಪಂಚಾಂಗ

ನಮ್ಮ ಕಟಪಯಾದಿಯ ಅಕ್ಕನೋ ತಂಗಿಯೋ ಎನ್ನಿ. ಮಾಯಾಮಾಳವಗೌಳದ ‘ಮಾ’ ಐದು, ‘ಯಾ’ ಒಂದು. ತಿರುಗಿಸಿದರೆ 15, ಹದಿನೈದನೆಯ ಮೇಳ. ಸಂಗೀತ ಕಲಿತವರಿಗೆಲ್ಲ ಗೊತ್ತು. ಅಕ್ಷರದೊಳಗೆ ಅಂಕಿ ಬಚ್ಚಿಡುವ ಚಟ ಒಂದೇ ಊರಿನದಲ್ಲ.

ಶೂನ್ಯಪೀಠ

ಹಾಗಾದರೆ ನಮ್ಮ ಸಿರಿಭೂವಲಯವನ್ನು ಯಾರೂ ಏಕೆ ಎತ್ತುತ್ತಿಲ್ಲ? 27ಕ್ಕೆ 27 ಮನೆಗಳ ಚಕ್ರ, ಒಂದರಿಂದ 64ರವರೆಗಿನ ಅಂಕಿ, ಪ್ರತಿ ಅಂಕಿಗೂ ಒಂದು ಅಕ್ಷರ. ಅದರ ಮುಂದೆ

ನಿರ್ವಾಹಕ

ಸಿರಿಭೂವಲಯಕ್ಕೆ ಬೇರೆ ಎಳೆ ಇದೆ, 400 ಪ್ರತಿಕ್ರಿಯೆ ದಾಟಿದೆ, ಅದರ ಕಾಲನಿರ್ಣಯದ ಜಗಳ ಇನ್ನೂ ಅಲ್ಲಿ ಹೊಗೆಯಾಡುತ್ತಿದೆ. ದಯವಿಟ್ಟು ಇಲ್ಲಿ ಬೇಡ.

ಹಸ್ತಪ್ರತಿಪ್ರಿಯೆ

ಶ್ರೀಚಕ್ರದ ನಕಲು ಎಂಬ ಮಾತಿಗೆ ಉತ್ತರ ಕೊಡಲೇಬೇಕು, ಸ್ವಲ್ಪ ಉದ್ದವಾಗುತ್ತದೆ.

ಈ ಚಿತ್ರಗಳ ಮಾತು ಬಂದರೆ ಎಲ್ಲರೂ ಹೋಗಿ ನಿಲ್ಲುವುದು ಇಬ್ನ್ ಅರಬಿಯ ಹತ್ತಿರ. ಸ್ಪೇನಿನ ಮುರ್ಸಿಯಾದಲ್ಲಿ 1165ರಲ್ಲಿ ಹುಟ್ಟಿ 1240ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡ ಸೂಫಿ. ಭಾರತಕ್ಕೆ ಬಂದವನಲ್ಲ. ಆತನ ‘ಫುತೂಹಾತ್ ಅಲ್-ಮಕ್ಕಿಯ್ಯ’ 560 ಅಧ್ಯಾಯಗಳ ಮಹಾಗ್ರಂಥ. ಆತನದೇ ಕೈಬರಹದ 37 ಸಂಪುಟಗಳು ಇಸ್ತಾಂಬುಲ್‌ನಲ್ಲಿವೆ. ಅದರ 371ನೆಯ ಅಧ್ಯಾಯದಲ್ಲಿ ವಿಶ್ವದ ಚಿತ್ರಗಳ ಸರಣಿಯೇ ಇದೆ. ಎಲ್ಲಕ್ಕೂ ಮೊದಲು ‘ಅಮಾ’, ಅಂದರೆ ಮೋಡ, ಇನ್ನೂ ಯಾವುದೂ ಬೇರ್ಪಡದ ಸ್ಥಿತಿ. ಆಮೇಲೆ ಅರ್ಶ್ ಎಂಬ ಸಿಂಹಾಸನ, ಅದರೊಳಗೆ ಕುರ್ಸಿ ಎಂಬ ಪಾದಪೀಠ, ಅದರೊಳಗೆ ನಕ್ಷತ್ರವೇ ಇಲ್ಲದ ಗೋಳ, ಅದರೊಳಗೆ ಸ್ಥಿರತಾರೆಗಳ ಗೋಳ. ಸ್ವರ್ಗ ಎಲ್ಲಿ ಎಂದು ಕೇಳಿದರೆ ಆತ ಬೆರಳಿಟ್ಟು ತೋರಿಸುತ್ತಾನೆ: ಈ ಕೊನೆಯ ಎರಡರ ನಡುವೆ. ನಕ್ಷತ್ರವಿಲ್ಲದ ಗೋಳವೇ ಸ್ವರ್ಗದ ಸೂರು, ತಾರೆಗಳ ಗೋಳದ ಬೆನ್ನೇ ಅದರ ನೆಲ. ನಾವು ರಾತ್ರಿ ಅಂಗಳದಲ್ಲಿ ನಿಂತು ನೋಡುವುದು ಸ್ವರ್ಗದ ನೆಲದ ಅಡಿಭಾಗವನ್ನು. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತಿದ್ದೆ.

ಶ್ರೀಚಕ್ರದಲ್ಲಿ ಮುಖ್ಯವಾದದ್ದು ಒಂದನ್ನೊಂದು ಕತ್ತರಿಸುವ ತ್ರಿಕೋನಗಳು. ಇಲ್ಲಿ ಒಂದರೊಳಗೊಂದು ವೃತ್ತಗಳು. ಇವುಗಳ ಹಿಂದೆ ಗ್ರೀಕರಿಂದ ಬಂದ ಗ್ರಹಗೋಳಗಳ ಲೆಕ್ಕವಿದೆ, ಕುರಾನಿನ ಏಳು ಆಕಾಶ, ಅರ್ಶ್, ಕುರ್ಸಿಗಳಿವೆ. ಎರಡೂ ಎರಡು ದಾರಿಗಳು.

ಆದರೆ ಗಾಳಿಮಾತು ಅವರಿಗೆ ಒಂದು ತುತ್ತು ಕೊಡುತ್ತೇನೆ. ‘ಅಮೃತಕುಂಡ’ ಎಂಬ ಹಠಯೋಗದ ಕೃತಿ ಅರಬ್ಬಿಗೆ ಹೋಗಿತ್ತು, ‘ಹೌಜ್ ಅಲ್-ಹಯಾತ್’ ಎಂಬ ಹೆಸರಿನಲ್ಲಿ. ಅದರಲ್ಲಿ ಏಳು ಚಕ್ರಗಳಿಗೆ ಏಳು ಗ್ರಹಗಳನ್ನು ಜೋಡಿಸಿದ್ದಾರೆ. ಅದರ ಕೆಲವು ಪ್ರತಿಗಳಲ್ಲಿ ಕರ್ತೃ ಇಬ್ನ್ ಅರಬಿ ಎಂದೇ ಹಾಕಿಬಿಟ್ಟಿದ್ದಾರೆ. ಅದು ತಪ್ಪು. ಆದರೆ ಯೋಗದ ಪುಸ್ತಕ ಓದಿದ ಯಾರೋ ಲಿಪಿಕಾರನಿಗೆ ‘ಇದು ನಮ್ಮ ಶೇಖ್ ಅವರದ್ದೇ ಇರಬೇಕು’ ಎನ್ನಿಸಿತಲ್ಲ, ಆ ತಪ್ಪು ನನಗೆ ಬಹಳ ಇಷ್ಟ.

ಗಾಳಿಮಾತು

ನಾನು ಹೇಳಿದ್ದು ಹೆಚ್ಚುಕಡಿಮೆ ಸರಿಯೇ ಆಯಿತಲ್ಲ.

ಹಸ್ತಪ್ರತಿಪ್ರಿಯೆ

ಇಲ್ಲ.

ಬಂದೇನವಾಜ್_ಬೀದಿ

ಕಲಬುರಗಿಯಿಂದ. ಇಬ್ನ್ ಅರಬಿಯನ್ನು ಎಲ್ಲ ಸೂಫಿಗಳೂ ತಲೆಯ ಮೇಲೆ ಹೊತ್ತುಕೊಂಡರು ಎಂದು ಯಾರೂ ತಿಳಿಯಬಾರದು. ನಮ್ಮೂರಿನ ಖ್ವಾಜಾ ಬಂದೇನವಾಜ್ ಗೇಸುದರಾಜರು (1422ರಲ್ಲಿ ನಿಧನ) ಆತನ ಸಿದ್ಧಾಂತವನ್ನು ಖಾರವಾಗಿ ಟೀಕಿಸಿದವರು. ದರ್ಗಾದ ಉರುಸಿಗೆ ಪ್ರತಿವರ್ಷ ಹೋಗುವ ಎಷ್ಟು ಜನರಿಗೆ ಇದು ಗೊತ್ತಿದೆ? ಸೂಫಿ ಎಂದರೆ ಎಲ್ಲರೂ ಒಂದೇ ಎಂದು ಹಾಡಿ ಮುಗಿಸುವವರಿಗೆ ಹೇಳುತ್ತಿದ್ದೇನೆ. ಅಲ್ಲೂ ನಮ್ಮ ಮಠಗಳ ಹಾಗೆಯೇ ವಾದ, ಪ್ರತಿವಾದ.

ಸಂದೇಹಿ

ಸ್ವರ್ಗದ ನೆಲ, ಸೂರು, ಸರಿ. ಕಾವ್ಯವಾಗಿ ಚೆನ್ನಾಗಿದೆ. ಆದರೆ ಅದೇ ಕಾಲದಲ್ಲಿ ಅದೇ ಭಾಷೆಯಲ್ಲಿ ನಿಜವಾದ ಖಗೋಳ ಚಿತ್ರಗಳೂ ಇದ್ದವಲ್ಲ, ಅವುಗಳ ಬಗ್ಗೆ ಯಾರಿಗೂ ಮಾತಿಲ್ಲ. 1259ರಲ್ಲಿ ಇರಾನಿನ ಮರಾಘೆಯಲ್ಲಿ ವೀಕ್ಷಣಾಲಯ ಶುರುಮಾಡಿದ ನಸೀರುದ್ದೀನ್ ತೂಸಿ ಒಂದು ಚಿತ್ರ ಬರೆದ: ದೊಡ್ಡ ವೃತ್ತದೊಳಗೆ ಅದರ ಅರ್ಧ ಗಾತ್ರದ ವೃತ್ತವನ್ನು ಉರುಳಿಸಿದರೆ ಚಿಕ್ಕ ವೃತ್ತದ ಅಂಚಿನ ಬಿಂದು ನೇರ ಗೆರೆಯಲ್ಲಿ ಹೋಗಿಬರುತ್ತದೆ. ಸುತ್ತುವುದರಿಂದ ನೇರ ಚಲನೆ! ಇದೇ ಜೋಡಿವೃತ್ತ ಮುಂದೆ ಕೊಪರ್ನಿಕಸ್‌ನ ಪುಸ್ತಕದಲ್ಲೂ ಕಾಣಿಸುತ್ತದೆ. ಅಂಕಿ ತುಂಬಿ ಕಟ್ಟುವ ತಾಯತದ ಚೌಕಗಳಿಗೂ ಇದಕ್ಕೂ ಒಂದೇ ಹೆಸರು ಕೊಟ್ಟು ‘ರಹಸ್ಯ ಚಿತ್ರಗಳು’ ಎನ್ನುವುದು ತೂಸಿಗೆ ಮಾಡುವ ಅವಮಾನ.

ಗೆರೆಬಳಪ

ಅದನ್ನು ನಾನು ಮಕ್ಕಳಿಗೆ ಮಾಡಿ ತೋರಿಸುತ್ತೇನೆ. ಥರ್ಮೊಕೋಲಿನಲ್ಲಿ ದುಂಡಗೆ ತೂತು ಕೊರೆದು ಒಳಗೆ ಅರ್ಧ ವ್ಯಾಸದ ಬಿಲ್ಲೆ. ಅಂಚಿನಲ್ಲಿ ಪೆನ್ಸಿಲು ಚುಚ್ಚಿ ಉರುಳಿಸಿದರೆ ಗೆರೆ ನೆಟ್ಟಗೆ ಬರುತ್ತದೆ. ಪ್ರತಿ ವರ್ಷವೂ ಯಾರಾದರೂ ಒಬ್ಬ ಹುಡುಗ ‘ಸರ್ ಮೋಸ’ ಎನ್ನುತ್ತಾನೆ.

ಹಳೆಪಂಚಾಂಗ

ಸಂದೇಹಿಯವರೇ, ನೀವು ನಡುವೆ ಕಟ್ಟುತ್ತಿರುವ ಗೋಡೆ ಆ ಕಾಲದವರಿಗೆ ಇರಲಿಲ್ಲ ಎಂಬುದೇ ನನ್ನ ತಕರಾರು. ಒಂದು ಉದಾಹರಣೆ ಕೊಡುತ್ತೇನೆ. ತುರ್ಕಿಯ ಎರ್ಜುರುಮಿನ ಇಬ್ರಾಹಿಂ ಹಕ್ಕಿ ಹದಿನೆಂಟನೆಯ ಶತಮಾನದ ನಡುವೆ ‘ಮಾರಿಫೆತ್‌ನಾಮೆ’ ಬರೆದ. ಅದರ ಒಂದು ಚಿತ್ರದಲ್ಲಿ ಮೇಲಿನಿಂದ ಕೆಳಗೆ ಅರ್ಶ್, ಕುರ್ಸಿ, ಸ್ವರ್ಗದ ಎಂಟು ಅಂತಸ್ತು, ಆಕಾಶಗಳು, ಭೂಮಿಯ ಸುತ್ತ ಕಾಫ್ ಬೆಟ್ಟ, ಕೆಳಗೆ ನರಕದ ಏಳು ಅಂತಸ್ತು. ಕರ್ಮ ತೂಗುವ ತಕ್ಕಡಿಯೂ ಇದೆ, ದಾಟಬೇಕಾದ ಸಿರಾತ್ ಸೇತುವೆಯೂ ಇದೆ. ನಕ್ಷೆಗಾರರೇ, ನಿಮ್ಮ ಇಲಾಖೆಯ ವಿಷಯ! ಅದೇ ಪುಸ್ತಕದಲ್ಲಿ ಕೊಪರ್ನಿಕಸ್‌ನ ಮತವನ್ನೂ ವಿವರಿಸಿದ್ದಾನೆ, ಸೂರ್ಯ ನಡುವೆ, ಭೂಮಿ ಸುತ್ತ. ಎರಡೂ ಒಂದೇ ರಟ್ಟಿನ ನಡುವೆ. ಆತನಿಗೆ ಮರೆವು ಇರಲಿಲ್ಲ. ಒಂದು ಚಿತ್ರ ಗ್ರಹಣ ಯಾವಾಗ ಎಂಬುದಕ್ಕೆ, ಇನ್ನೊಂದು ಸತ್ತ ಮೇಲೆ ಎಲ್ಲಿ ಎಂಬುದಕ್ಕೆ.

ಸಂದೇಹಿ

ಅಥವಾ ಹಳೆಯದನ್ನು ಬಿಡುವ ಧೈರ್ಯವಿಲ್ಲದೆ ಎರಡನ್ನೂ ಇಟ್ಟುಕೊಂಡ. ಈ ಸಾಧ್ಯತೆ ನಿಮಗೆ ಹೊಳೆಯಲೇ ಇಲ್ಲವೇ?

ಹಳೆಪಂಚಾಂಗ

ಹೊಳೆಯಿತು. ಒಪ್ಪಿಗೆಯಾಗಲಿಲ್ಲ.

ಮಲ್ಲಿಗೆಬಳ್ಳಿ

ನಕ್ಷೆಗಾರ ಸರ್ ಕೇಳಿದ ‘ಯಾರು ಏನು ಮಾಡುತ್ತಿದ್ದರು’ ಎಂಬುದಕ್ಕೆ ನನ್ನ ನಾನಿಯ ಉತ್ತರ ಹೇಳಬಹುದು. ಅವರ ಬಳಿ ‘ದಲಾಇಲುಲ್ ಖೈರಾತ್’ನ ಹಳೆಯ ಕಲ್ಲಚ್ಚಿನ ಪ್ರತಿ ಇತ್ತು. ಹದಿನೈದನೆಯ ಶತಮಾನದ ಮೊರಾಕೋದ ಅಲ್-ಜಜೂಲಿ ರಚಿಸಿದ ದುರೂದ್‌ಗಳ, ಅಂದರೆ ಪ್ರವಾದಿಯವರಿಗಾಗಿ ಹೇಳುವ ಪ್ರಾರ್ಥನೆಗಳ, ಸಂಗ್ರಹ. ಅದರಲ್ಲಿ ಮದೀನಾದ ಸಮಾಧಿಗಳ ಒಂದು ಸರಳ ರೇಖಾಚಿತ್ರ, ಮೂರು ಆಯತಗಳು, ಅಷ್ಟೇ. ಗುರುವಾರ ಸಂಜೆ ನಾನಿ ಆ ಪುಟ ತೆರೆದು ಓದುವುದಕ್ಕೆ ಮೊದಲು ಆಯತದ ಅಂಚಿನ ಮೇಲೆ ಬೆರಳನ್ನು ನಿಧಾನವಾಗಿ ಒಂದು ಸುತ್ತು ತರುತ್ತಿದ್ದರು. ಮದೀನಾಕ್ಕೆ ಹೋಗುವ ಯೋಗ ಅವರಿಗೆ ಬರಲಿಲ್ಲ. ಆ ಪುಟದ ಆ ಅಂಚು ಬೆರಳಿನ ಎಣ್ಣೆಗೆ ಕಂದಾಗಿ, ಗೆರೆ ಅರ್ಧ ಅಳಿಸಿತ್ತು.

ನಕ್ಷೆಗಾರ_ನಿವೃತ್ತ

ತಾಯಿ, ಇದನ್ನು ಓದಿ ಸ್ವಲ್ಪ ಹೊತ್ತು ಮೊಬೈಲು ಕೆಳಗಿಟ್ಟೆ. ನಾನು ಎಳೆದ ಯಾವ ಗೆರೆಯನ್ನೂ ಯಾರೂ ಹೀಗೆ ಮುಟ್ಟಲಿಲ್ಲ.

ನೇರದಾರಿ

ಸಹೋದರಿ, ನಿಮ್ಮ ನಾನಿಯವರ ಭಾವನೆಗೆ ಗೌರವವಿದೆ. ಆದರೆ ಚೌಕ ಬರೆದು ಕೊರಳಿಗೆ ಕಟ್ಟುವುದು, ಚಿತ್ರದಿಂದ ಬರಕತ್ ಬೇಡುವುದು, ಇವು ದೀನ್‌ನಲ್ಲಿ ಇಲ್ಲ. ಎಷ್ಟೋ ಆಲಿಮರು ಇದನ್ನು ಶಿರ್ಕ್, ಅಂದರೆ ದೇವರಿಗೆ ಸಮಾನರನ್ನು ಕಲ್ಪಿಸುವ ಪಾಪ, ಎಂದೇ ಹೇಳಿದ್ದಾರೆ. ಇವುಗಳನ್ನು ‘ಇಸ್ಲಾಮೀ ಕಲೆ’ ಎಂದು ಮೆರೆಸುವುದು ಸರಿಯಲ್ಲ.

ಮಲ್ಲಿಗೆಬಳ್ಳಿ

ಭಾಯಿ, ನಾನಿ ಬೇಡಿದ್ದು ಚಿತ್ರವನ್ನಲ್ಲ. ಊರಿಗೆ ಹೋಗಲಾಗದವರು ಊರಿನ ಫೋಟೋ ನೋಡುತ್ತಾರೆ. ತಾಯತದ ಬಗ್ಗೆ ನೀವು ಹೇಳಿದ ಭಿನ್ನಾಭಿಪ್ರಾಯ ನಿಜ, ಹಿಂದೆಯೂ ಇತ್ತು, ಈಗಲೂ ಇದೆ. ಆದರೆ ಇದ್ದದ್ದನ್ನು ಇರಲಿಲ್ಲ ಎನ್ನಲಾಗುವುದಿಲ್ಲವಲ್ಲ. ಹಸ್ತಪ್ರತಿಗಳ ತುಂಬ ಇವೆ.

ನಿರ್ವಾಹಕ

ಫತ್ವಾ ಚರ್ಚೆ ಇಲ್ಲಿಗೆ ನಿಲ್ಲಲಿ. ಇಬ್ಬರೂ ಮರ್ಯಾದೆಯಿಂದ ಮಾತಾಡಿದ್ದೀರಿ, ವಂದನೆ.

ಗೆರೆಬಳಪ

ಚೌಕದ ಮಾತು ಬಂತಲ್ಲ, ಚಿಕ್ಕ ಲೆಕ್ಕ. ಮೂರಕ್ಕೆ ಮೂರರ ಮಾಯಾಚೌಕ: ಮೇಲೆ 4, 9, 2. ನಡುವೆ 3, 5, 7. ಕೆಳಗೆ 8, 1, 6. ಹೇಗೆ ಕೂಡಿದರೂ 15. ನಾಲ್ಕು ಮೂಲೆಗಳಲ್ಲಿ 2, 4, 6, 8. ಅಬ್ಜದ್‌ನಲ್ಲಿ ಇವು ಬೇ, ದಾಲ್, ವಾವ್, ಹಾ. ಕೂಡಿಸಿ ಓದಿದರೆ ‘ಬುದೂಹ್’. ಈ ಪದಕ್ಕೆ ಬೇರೆ ಅರ್ಥವೇ ಇಲ್ಲ, ಚೌಕದ ಮೂಲೆಗಳಿಂದ ಹುಟ್ಟಿದ ಪದ. ಆದರೆ ಕಾಗದಪತ್ರ ಸುರಕ್ಷಿತವಾಗಿ ತಲುಪಲಿ ಎಂದು ಅದನ್ನೇ ಮೇಲೆ ಬರೆಯುತ್ತಿದ್ದರು. ಅರ್ಥವಿಲ್ಲದ್ದಕ್ಕೆ ಇಷ್ಟು ಕೆಲಸ ಕೊಟ್ಟವರು ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಹಳೆಪಂಚಾಂಗ

ನಮ್ಮ ನವಗ್ರಹ ಯಂತ್ರಗಳಲ್ಲಿ ಸೂರ್ಯನದು ಇದೇ 15ರ ಚೌಕ. ಚಂದ್ರನಿಗೆ 18, ಕುಜನಿಗೆ 21, ಹೀಗೆ ಮೂರು ಮೂರು ಏರುತ್ತಾ ಕೇತುವಿಗೆ 39. ಎಲ್ಲವೂ ಮೂರಕ್ಕೆ ಮೂರೇ. ಅವರಲ್ಲಿ ಚೌಕವೇ ಬೆಳೆಯುತ್ತದೆ. ಒಂದು ಸಂಪ್ರದಾಯದಲ್ಲಿ ಶನಿಗೆ ಮೂರಕ್ಕೆ ಮೂರು, ಗುರುವಿಗೆ ನಾಲ್ಕಕ್ಕೆ ನಾಲ್ಕು, ಕೊನೆಗೆ ಚಂದ್ರನಿಗೆ ಒಂಬತ್ತಕ್ಕೆ ಒಂಬತ್ತು.

ಗುಮ್ಮಟದೂರು

ಇಷ್ಟು ಹೊತ್ತು ಸ್ಪೇನು, ತುರ್ಕಿ ಎಲ್ಲ ಸುತ್ತಿದಿರಿ. ವಿಜಯಪುರದವನಾಗಿ ನಾನು ಸುಮ್ಮನಿದ್ದರೆ ಗೋಲಗುಮ್ಮಟದಲ್ಲಿ ನನ್ನ ಹೆಸರು ಏಳು ಸಲ ಕೂಗಿ ಬೈಯುತ್ತಾರೆ.

‘ನುಜೂಮ್ ಅಲ್-ಉಲೂಮ್’ ಎಂಬ ಗ್ರಂಥ ಗೊತ್ತೇ? ವಿದ್ಯೆಗಳ ನಕ್ಷತ್ರಗಳು ಎಂದರ್ಥ. 1570ರಲ್ಲಿ, ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ ನಮ್ಮ ಬಿಜಾಪುರದಲ್ಲಿ ತಯಾರಾದ ಪಾರಸಿ ಹಸ್ತಪ್ರತಿ. ಸುಲ್ತಾನನೇ ಅದರ ಕರ್ತೃ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಗ್ರಹಗಳು, ರಾಶಿಗಳು, ತಾಯತದ ಚೌಕಗಳು, ಆಯುಧಗಳು, ಆನೆ ಕುದುರೆಗಳ ಲಕ್ಷಣ, ಎಲ್ಲವೂ ಚಿತ್ರಸಹಿತ. ರೂಹಾನಿ ಎಂಬ ಹೆಣ್ಣುಶಕ್ತಿಗಳ ಸಾಲು ಸಾಲು ಚಿತ್ರಗಳಿವೆ. ನಮ್ಮ ಕಡೆಯವರು ನೋಡಿದರೆ ಯೋಗಿನಿಯರು ಎಂದೇ ಕೈಮುಗಿಯುತ್ತಾರೆ. ಏಳು ಅಂತಸ್ತಿನ ಸಿಂಹಾಸನದ ಒಂದು ಪುಟವಂತೂ ಬಹಳ ಪ್ರಸಿದ್ಧ. ಅಂತಸ್ತಿನ ಮೇಲೆ ಅಂತಸ್ತು, ಅವುಗಳ ತುಂಬ ಜನ, ಪ್ರಾಣಿ, ಮೇಲೆ ದೊರೆ. ವಿಶ್ವದ ಚಿತ್ರವನ್ನೇ ರಾಜಪೀಠ ಮಾಡಿ ಕೂತಂತೆ.

ಇಸವಿ ಗಮನಿಸಿ. 1565ರಲ್ಲಿ ತಾಳಿಕೋಟೆಯ ಕಾಳಗ. ಅದಕ್ಕೆ ಮೊದಲು ಇದೇ ಅಲಿ ವಿಜಯನಗರಕ್ಕೆ ಹೋಗಿ ಬಂದವನು. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು ಎಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಆ ಊರನ್ನು ಕೆಡವಿದ ಐದೇ ವರ್ಷಕ್ಕೆ ಸಂಸ್ಕೃತದ ಹೆಸರು, ಇಲ್ಲಿನ ದೇವತೆಗಳ ರೂಪ ಎಲ್ಲವನ್ನೂ ಬಾಚಿಕೊಂಡ ಈ ಪುಸ್ತಕ. ಪ್ರೀತಿಯೋ, ಪಶ್ಚಾತ್ತಾಪವೋ, ಬರೀ ಅಧಿಕಾರದ ಆಸೆಯೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಸಂದೇಹಿ

ಮೂರನೆಯದು.

ಶೂನ್ಯಪೀಠ

ಈ ಪುಸ್ತಕ ಈಗ ವಿಜಯಪುರದಲ್ಲೇ ಇದೆಯೇ? ಮುಂದಿನ ವಾರ ಆ ಕಡೆ ಬರುವುದಿದೆ.

ಗುಮ್ಮಟದೂರು

ಎಲ್ಲಿ ಬಂತು ಸರ್. ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅಸರ್ ಮಹಲಿನಲ್ಲಿ ಉಳಿದಿದ್ದ ಬೇರೆ ಹಸ್ತಪ್ರತಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಲಂಡನ್ನಿಗೆ ಹೋದವು. ನಮಗೆ ಉಳಿದದ್ದು ಗೋಡೆ, ಗುಮ್ಮಟ, ಪಾರಿವಾಳ.

ಲಿಫಿ_ದಂಡೆಯಿಂದ

ಡಬ್ಲಿನ್‌ನಲ್ಲೇ ಇರುವ ಕನ್ನಡದವಳು ನಾನು. ಗ್ರಂಥಾಲಯ ಡಬ್ಲಿನ್ ಕೋಟೆಯ ಆವರಣದಲ್ಲಿದೆ, ಪ್ರವೇಶ ಉಚಿತ. ನ್ಯೂಯಾರ್ಕಿನಲ್ಲಿ ಹುಟ್ಟಿ ಗಣಿ ವ್ಯವಹಾರದಲ್ಲಿ ಹಣ ಮಾಡಿದ ಆಲ್‌ಫ್ರೆಡ್ ಚೆಸ್ಟರ್ ಬೀಟಿ (1875–1968) ಕೊಂಡು ಕೂಡಿಟ್ಟದ್ದು. ಹಸ್ತಪ್ರತಿಗಳಿಗೆ ಬೆಳಕು ತಾಗಬಾರದೆಂದು ಸರದಿಯಂತೆ ಒಳಗಿಡುತ್ತಾರೆ, ಹೋದಾಗಲೆಲ್ಲ ಸಿಗುವುದಿಲ್ಲ. ನನಗೆ ನುಜೂಮ್ ಸಿಗಲಿಲ್ಲ, ಮಂದ ಬೆಳಕಿನಲ್ಲಿ ಕುರಾನಿನ ಪ್ರತಿಗಳನ್ನು ನೋಡಿ ಬಂದೆ. ಬಿಜಾಪುರ ಎಂಬ ಹೆಸರನ್ನು ಆ ಊರಿನಲ್ಲಿ ಒಂದು ಫಲಕದ ಮೇಲೆ ಓದುವ ಆಸೆ ಹಾಗೇ ಉಳಿದಿದೆ.

ಶೂನ್ಯಪೀಠ

ಇನ್ನೊಂದು ಪ್ರಶ್ನೆ. ಭೂಮಿಯನ್ನು ಎತ್ತು ಹೊತ್ತಿರುವ ಚಿತ್ರ ನೋಡಿದ ನೆನಪು. ಅದೂ ಇದೇ ಗುಂಪಿಗೆ ಸೇರಿದ್ದೇ?

ಹಸ್ತಪ್ರತಿಪ್ರಿಯೆ

ಹೌದು, ಕಜ್ವೀನಿಯ ‘ಅಜಾಇಬ್ ಅಲ್-ಮಖ್ಲೂಕಾತ್’, ಸೃಷ್ಟಿಯ ಅದ್ಭುತಗಳು. ಆತ 1283ರಲ್ಲಿ ತೀರಿಕೊಂಡ. ಆತ ಬದುಕಿದ್ದಾಗಲೇ, 1280ರಲ್ಲಿ, ಇರಾಕಿನ ವಾಸಿತ್‌ನಲ್ಲಿ ತಯಾರಾದ ಪ್ರತಿ ಈಗ ಮ್ಯೂನಿಕ್‌ನಲ್ಲಿದೆ. ಭೂಮಿಯನ್ನು ಒಬ್ಬ ದೇವದೂತ ಹೊತ್ತಿದ್ದಾನೆ, ಅವನ ಕಾಲಡಿ ಬಂಡೆ, ಬಂಡೆಯ ಅಡಿ ಎತ್ತು, ಎತ್ತಿನ ಅಡಿ ಬಹಮೂತ್ ಎಂಬ ಮೀನು, ಮೀನಿನ ಅಡಿ ನೀರು. ಅದೇ ಪುಸ್ತಕದಲ್ಲಿ ಗ್ರಹಗೋಳಗಳ ಅಚ್ಚುಕಟ್ಟಾದ ಚಿತ್ರಗಳೂ ಇವೆ.

ಶೂನ್ಯಪೀಠ

ನಮ್ಮಲ್ಲಿ ಆನೆ, ಆಮೆ, ಹಾವು. ಅವರಲ್ಲಿ ಎತ್ತು, ಮೀನು. ಭೂಮಿ ಹೊರುವುದಕ್ಕೆ ಮನುಷ್ಯರನ್ನು ಎಲ್ಲೂ ನಂಬಿಲ್ಲ ನೋಡಿ.

ನಕ್ಷೆಗಾರ_ನಿವೃತ್ತ

ವರದಿ ಒಪ್ಪಿಸುತ್ತೇನೆ.

ಮೇಷ್ಟ್ರು ಹೇಳಿದಂತೆ 10 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ ಅರ್ಧಬಾಹು ಹಿಡಿದು ಏಳು ಹೆಜ್ಜೆ ಹಾಕಿದೆ. ಕೊನೆಗೆ ಉಳಿದ ಸಂದನ್ನು ಭೂತಗನ್ನಡಿ ಹಿಡಿದು ಅಳೆದೆ, ಒಂದೂ ಕಾಲು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಏಳನೆಯ ಭಾಗಕ್ಕೆ ಸೇರಿಸಿ ಎರಡು ಸಲ ಅರ್ಧ ಮಾಡಿದರೆ ಆ ಸಂದು ನಾಲ್ಕು ಮನೆಗೆ ಹಂಚಿಹೋಗುತ್ತದೆ. ಒಂದೊಂದು ಮನೆಗೆ ಹೆಚ್ಚುಕಡಿಮೆ ನನ್ನ 0.3ರ ಪೆನ್ನಿನ ಗೆರೆಯ ದಪ್ಪ. ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಲಿಪಿಕಾರ ಹಂಚದೆ ಒಂದೇ ಮನೆಗೆ ಬಿಟ್ಟಿದ್ದಾನೆ, ಅಷ್ಟೇ ವ್ಯತ್ಯಾಸ.

ಪಂಚಾಂಗದವರೇ, ಸಂದನ್ನು ಯಾವ ಮನೆಗೆ ಬಿಟ್ಟರೆ ಚೆನ್ನ?

ಹಳೆಪಂಚಾಂಗ

21ನೆಯದಕ್ಕೆ ಬಿಡಿ. ಅದರ ಹೆಸರು ಬಲ್ದಾ. ಉಳಿದ ಮನೆಗಳಿಗೆಲ್ಲ ತಾರೆಗಳಿವೆ, ಅದು ತಾರೆಯೇ ಇಲ್ಲದ ಬಯಲು. ಒಂದಿಷ್ಟು ಹೆಚ್ಚು ಜಾಗ ಹೋದರೆ ಅಲ್ಲಿ ತಕರಾರು ಮಾಡುವವರು ಯಾರೂ ಇಲ್ಲ.

ನಕ್ಷೆಗಾರ_ನಿವೃತ್ತ

ಹಾಗೆಯೇ ಮಾಡಿದೆ. ಹೆಸರುಗಳನ್ನು ಅರಬ್ಬಿಯಲ್ಲಿ ಬರೆಯಲು ನನಗೆ ಬಾರದು, ಮಲ್ಲಿಗೆಬಳ್ಳಿ ತಾಯಿ ಬರೆದು ಕಳಿಸಿದರೆ ತುಂಬುತ್ತೇನೆ. ಅಲ್ಲಿಯವರೆಗೆ 28 ಮನೆಗಳೂ ಖಾಲಿ. ಸಾಲಿಗಾಗಿ ಮಿಸ್ತರಾ ಮಾಡೋಣವೆಂದು ರಟ್ಟಿಗೆ ಹೊಲಿಗೆಯಂತ್ರದ ದಾರ ಹೊಲಿದೆ. ಉಜ್ಜಿದರೆ ಸಾಲು ಮೂಡುತ್ತಲೇ ಇಲ್ಲ.

ಹಸ್ತಪ್ರತಿಪ್ರಿಯೆ

ಆ ದಾರ ತೆಳುವಾಯಿತು ಸರ್. ಹೂ ಕಟ್ಟುವ ದಾರವನ್ನು ಹುರಿಮಾಡಿ ಹಾಕಿ, ಬಿಗಿಯಾಗಿ. ನಿಮ್ಮ ಟ್ರೇಸಿಂಗ್ ಕಾಗದಕ್ಕೂ ಅದು ಒಗ್ಗುವುದಿಲ್ಲ, ಮೆತ್ತಗಿನ ಕೈಕಾಗದ ತನ್ನಿ.

ಮಲ್ಲಿಗೆಬಳ್ಳಿ

ಹೆಸರುಗಳನ್ನು ನಾಳೆ ಬರೆದು ಕಳಿಸುತ್ತೇನೆ. ಬಲದಿಂದ ಎಡಕ್ಕೆ ತುಂಬಬೇಕು, ಈಗಲೇ ಹೇಳಿದ್ದೇನೆ, ಆಮೇಲೆ ಇಡೀ ಆಕಾಶ ತಿರುಗುಮುರುಗಾಯಿತು ಎನ್ನಬೇಡಿ.